ಎದೆಯುರಿಗೆ ಮೆಣಸಿನಕಾಯಿಯನ್ನಷ್ಟೇ ಬೈಯಬೇಡಿ, ಹೊಟ್ಟೆಯೊಳಗಿನ ಒತ್ತಡದ ಲೆಕ್ಕವನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಎದೆಯುರಿ, ಹುಳಿತೇಗಿನ ಬಗ್ಗೆ ಮತ್ತೊಂದು ಲೇಖನ ಬಂದಿದೆ. ಖಾರ ಬಿಡಿ, ಹುಳಿ ಬಿಡಿ, ಕಾಫಿ ಬಿಡಿ, ಕರಿದದ್ದು ಬಿಡಿ. ಇಷ್ಟೆಲ್ಲ ಬಿಟ್ಟ ಮೇಲೆ ನಮ್ಮ ತುಮಕೂರು ಕಡೆಯವರಿಗೆ ಉಳಿಯುವುದು ಬರೀ ಮುದ್ದೆ ಮತ್ತು ನೀರು. ಬರೆದದ್ದು ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ಪೂರ್ತಿ ಓದಿದರೂ ಒಂದು ಮುಖ್ಯ ಪ್ರಶ್ನೆ ಹಾಗೇ ಉಳಿಯಿತು. ಹೊಟ್ಟೆಯಲ್ಲಿ ಇರಬೇಕಾದ ಆಸಿಡ್ ಎದೆಗೆ ಏರುವುದು ಹೇಗೆ? ಕೆಳಗಿರುವುದು ತಾನಾಗೇ ಮೇಲಕ್ಕೆ ಹೋಗುವುದಿಲ್ಲ. ಕೆಳಗಿಂದ ಏನೋ ತಳ್ಳಬೇಕು, ಇಲ್ಲ ಮೇಲಿಂದ ಏನೋ ಎಳೆಯಬೇಕು. ನಮ್ಮ ಮೈಯೊಳಗೆ ಈ ಎರಡೂ ಕೆಲಸ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ಡಾಕ್ಟರಲ್ಲ. ಫಾರ್ಮಸಿ ಓದಿ ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಸಂಜೆ ಹೊತ್ತು ಕೌಂಟರ್ ಮುಂದೆ ನಿಲ್ಲುವವರಲ್ಲಿ ನೆಗಡಿ, ಜ್ವರದವರಷ್ಟೇ ಗ್ಯಾಸ್ಟ್ರಿಕ್‌ನವರೂ ಇರುತ್ತಾರೆ. ಚೀಟಿ ತನ್ನಿ ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ‘ಅಯ್ಯೋ ಬಿಡಿ ಸಾರ್, ಬರೀ ಗ್ಯಾಸು, ಇದಕ್ಕೂ ಡಾಕ್ಟರ್ ಬೇಕಾ?’ ಅವರನ್ನು ಏನು ತಿಂದಿರಿ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ, ಮನೆ ಊಟ. ತಿಂದು ಏನು ಮಾಡಿದಿರಿ ಅಂತ ಕೇಳಿದರೆ ಆಗ ವಿಷಯ ಹೊರಗೆ ಬರುತ್ತದೆ. ತಿಂದು ಮಲಗಿದೆ. ತಿಂದು ಮೂಟೆ ಎತ್ತಿದೆ. ತಿಂದ ತಕ್ಷಣ ಬಗ್ಗಿ ನೆಲ ಒರೆಸಿದೆ.

ಬಿಪಿ ನೋಡಿದಾಗ 120/80 ಅಂತಾರಲ್ಲ, ಅದು ಪಾದರಸದ ಮಿಲಿಮೀಟರ್ ಲೆಕ್ಕ. ಅದೇ ಅಳತೆಯಲ್ಲಿ ಇದನ್ನೂ ನೋಡಿ. ಸುಮ್ನೆ ಕೂತಿರುವಾಗ ಹೊಟ್ಟೆಯೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ ಸುಮಾರು 5 ಮಿಲಿಮೀಟರ್ ಜಾಸ್ತಿ ಇರುತ್ತದೆ. ಎದೆಗೂಡಿನೊಳಗೆ ಇದಕ್ಕೆ ಉಲ್ಟಾ, ಹೊರಗಿನ ಗಾಳಿಗಿಂತ ಸುಮಾರು 5 ಕಡಿಮೆ. ಶ್ವಾಸಕೋಶ ಮುದುಡಿಕೊಳ್ಳದೆ ಹಿಗ್ಗಿಕೊಂಡಿರಬೇಕಾದರೆ ಎದೆಯೊಳಗೆ ಆ ಎಳೆತ ಇರಲೇಬೇಕು, ಅದು ರೋಗವಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಅದರ ಬಹುಪಾಲು ಇರುವುದು ಎದೆಗೂಡಿನಲ್ಲೇ. ಅಂದರೆ ನಾಳ ಇರುವುದು ಎಳೆತದ ಜಾಗದಲ್ಲಿ, ಜಠರ ಇರುವುದು ತಳ್ಳುವ ಜಾಗದಲ್ಲಿ. ಇವೆರಡರ ಮಧ್ಯೆ 10ರಷ್ಟು ವ್ಯತ್ಯಾಸ. ಉಸಿರು ಒಳಗೆ ಎಳೆದುಕೊಂಡಾಗ ಇದು ಇನ್ನೂ ಏರುತ್ತದೆ, ಯಾಕೆಂದರೆ ಎದೆ ಮತ್ತು ಹೊಟ್ಟೆಯ ಮಧ್ಯೆ ಪರದೆಯ ಹಾಗಿರುವ ಸ್ನಾಯು, ಅಂದರೆ ವಪೆ (ಡಯಾಫ್ರಂ), ಕೆಳಗಿಳಿದು ಎದೆಯಲ್ಲಿ ಎಳೆತವನ್ನು ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ಹೊಟ್ಟೆಯನ್ನು ಅದುಮುತ್ತದೆ. ಬರೀ ಈ ಲೆಕ್ಕ ನೋಡಿದರೆ ಪ್ರತಿ ಉಸಿರಿಗೂ ಎಲ್ಲರ ಬಾಯಿಗೂ ಹುಳಿನೀರು ಬರಬೇಕು.

ಬರುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಕಡೆ ಮೂರ್ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಯಾದ ಸ್ನಾಯು ಇದೆ. ನುಂಗಿದಾಗ ಸಡಿಲವಾಗುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅದರ ಬಿಗಿ ಸಾಮಾನ್ಯವಾಗಿ ಜಠರದ ಒತ್ತಡಕ್ಕಿಂತ 10ರಿಂದ 30 ಮಿಲಿಮೀಟರ್ ಜಾಸ್ತಿ ಇರುತ್ತದೆ. ಇದಲ್ಲದೆ ಅನ್ನನಾಳ ಕೆಳಗೆ ಇಳಿಯಲು ವಪೆಯಲ್ಲಿ ಒಂದು ಕಂಡಿ ಇದೆ ನೋಡಿ, ಆ ಕಂಡಿಯ ಸುತ್ತಲಿನ ಸ್ನಾಯು ಉಸಿರು ಎಳೆದಾಗಲೆಲ್ಲ ನಾಳವನ್ನು ಹೊರಗಿನಿಂದ ಹಿಂಡುತ್ತದೆ. ಅಂದರೆ ಒತ್ತಡದ ವ್ಯತ್ಯಾಸ ಯಾವ ಗಳಿಗೆಯಲ್ಲಿ ಏರುತ್ತದೋ ಅದೇ ಗಳಿಗೆಯಲ್ಲಿ ಎರಡನೇ ಬಿಗಿಯೂ ಬಂದು ಸೇರಿಕೊಳ್ಳುತ್ತದೆ. ನನಗಂತೂ ಇದನ್ನು ಓದಿದಾಗೆಲ್ಲ ಖುಷಿಯಾಗುತ್ತದೆ. ಯಾವ ಇಂಜಿನಿಯರ್ ಕೂತು ಹೀಗೆ ಲೆಕ್ಕ ಹಾಕಿಯಾನು?

ಈ ಎರಡು ಬಿಗಿಗಳು ಒಂದರ ಮೇಲೊಂದು ಕೂತಿದ್ದರೇ ಕೆಲಸ ನಡೆಯುವುದು. ವಯಸ್ಸಾದಂತೆ, ಬೊಜ್ಜು ಬಂದಂತೆ ವಪೆಯ ಕಂಡಿ ಸಡಿಲವಾಗಿ ಜಠರದ ಮೇಲ್ತುದಿ ಎದೆಯ ಕಡೆಗೆ ಜಾರಬಹುದು. ಬಾಯಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯ ರಿಪೋರ್ಟಿನಲ್ಲಿ ಇದನ್ನೇ ಹಯಾಟಸ್ ಹರ್ನಿಯಾ ಅಂತ ಬರೆದಿರುತ್ತಾರೆ. ಆಗ ಒಳಗಿನ ಸ್ನಾಯು ಮೇಲೆ, ವಪೆಯ ಹಿಡಿತ ಕೆಳಗೆ. ಒಂದಕ್ಕೊಂದು ಆಸರೆ ಇಲ್ಲ. ಹೊಟ್ಟೆಯ ಒತ್ತಡ ಹೊರಗಿನಿಂದ ಒತ್ತಿ ಮುಚ್ಚುತ್ತಿದ್ದ ನಾಳದ ಸಣ್ಣ ತುದಿಯೂ ಈಗ ಎದೆಯ ಎಳೆತದೊಳಗೆ ಬಂದುಬಿಟ್ಟಿರುತ್ತದೆ. ರಿಪೋರ್ಟಿನಲ್ಲಿ ಹರ್ನಿಯಾ ಅಂತ ನೋಡಿದ ಕೂಡಲೇ ಆಪರೇಷನ್ನೇ ಅಂತ ಗಾಬರಿ ಬೀಳುವವರಿದ್ದಾರೆ. ತುಂಬಾ ಜನಕ್ಕೆ ಇದು ಇದ್ದೂ ಯಾವ ತೊಂದರೆಯೂ ಇರುವುದಿಲ್ಲ.

ಇನ್ನು ಬಿಗಿ ಚೆನ್ನಾಗಿಯೇ ಇರುವವರಿಗೂ ಹುಳಿ ಏರುತ್ತದಲ್ಲ, ಅದು ಹೇಗೆ? ಜಾನ್ ಡೆಂಟ್ ಅನ್ನುವ ಸಂಶೋಧಕರು ಮತ್ತು ಅವರ ಜೊತೆಗಾರರು 1980ರಲ್ಲಿ ಇದನ್ನು ಅಳೆದು ತೋರಿಸಿದರು. ಅನ್ನನಾಳದೊಳಗೆ ಸಣ್ಣ ಕೊಳವೆ ಇಳಿಸಿ ಒತ್ತಡ ನೋಡುತ್ತಾ ಕೂತರೆ, ಏನೂ ನುಂಗದಿದ್ದರೂ ಆ ಸ್ನಾಯು ನಡುನಡುವೆ ತಾನಾಗೇ ಸಡಿಲವಾಗುತ್ತದೆ. ಒಂದೆರಡು ಸೆಕೆಂಡಲ್ಲ, ಹತ್ತು ಸೆಕೆಂಡಿಗೂ ಮೇಲೆ. ಆ ಹೊತ್ತಿನಲ್ಲಿ ವಪೆಯ ಹಿಡಿತವೂ ಬಿಟ್ಟಿರುತ್ತದೆ. ತಡೆಯೇ ಇಲ್ಲದ ಮೇಲೆ ಹತ್ತರಷ್ಟು ವ್ಯತ್ಯಾಸವೇ ಸಾಕು, ಜಠರದಲ್ಲಿರುವುದು ಮೇಲೆ ಏರಲು. ಇದು ನಾವು ತೇಗಲೆಂದೇ ಇರುವ ವ್ಯವಸ್ಥೆ. ಜಠರದ ಮೇಲ್ಭಾಗ ಹಿಗ್ಗಿದಾಗ ನರದ ಮೂಲಕ ಸುದ್ದಿ ಹೋಗಿ, ಒಳಗಿನ ಗಾಳಿ ಹೊರಗೆ ಹೋಗಲಿ ಅಂತ ದಾರಿ ಬಿಡುತ್ತದೆ. ಗಾಳಿಯ ಜೊತೆ ಆಸಿಡ್ಡೂ ಬಂದರೆ ಅದೇ ಹುಳಿತೇಗು.

ಇಲ್ಲಿಂದ ಮುಂದೆ ನಮ್ಮ ಊಟದ ವಿಷಯ. ಜಠರ ಹಿಗ್ಗಿದಷ್ಟೂ ಈ ಸಡಿಲಿಕೆ ಜಾಸ್ತಿ. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದು ಎದ್ದರೆ ಏನೂ ಆಗುವುದಿಲ್ಲ. ರಾತ್ರಿ ಎರಡು ಮುದ್ದೆ, ಬಸ್ಸಾರು, ಮೇಲೆ ಅನ್ನ, ಅದರ ಮೇಲೆ ಒಂದು ಚೊಂಬು ಮಜ್ಜಿಗೆ ಅಂತ ಹೊಟ್ಟೆ ಬಿರಿಯುವ ಹಾಗೆ ಉಂಡರೆ, ಅದರಲ್ಲಿ ಒಂದು ಚೂರು ಖಾರ ಇಲ್ಲದಿದ್ದರೂ ತೇಗು ಬರುತ್ತದೆ. ಎಣ್ಣೆ, ತುಪ್ಪ ಜಾಸ್ತಿ ಇದ್ದರೆ ಜಠರ ಬೇಗ ಖಾಲಿಯಾಗುವುದಿಲ್ಲ, ಆ ಸ್ನಾಯುವಿನ ಬಿಗಿಯೂ ಇಳಿಯುತ್ತದೆ. ಬೀಡಿ ಸಿಗರೇಟು ಸೇದಿದರೂ ಬಿಗಿ ಇಳಿಯುತ್ತದೆ. ಇನ್ನು ಗ್ಯಾಸ್ ಅಂತ ಸೋಡಾ ಕುಡಿಯುವವರು, ಬುಸ್ ಅಂತ ನೊರೆ ಬರುವ ಪುಡಿ ಕುಡಿಯುವವರು. ಪುಡಿಯಲ್ಲಿರುವ ಸೋಡಾ ಆಸಿಡ್ಡನ್ನು ಸ್ವಲ್ಪ ತಣಿಸುತ್ತದೆ, ನಿಜ. ಆದರೆ ಅದರಿಂದ ಹುಟ್ಟುವ ಗಾಳಿ ಜಠರವನ್ನು ಇನ್ನಷ್ಟು ಹಿಗ್ಗಿಸುತ್ತದೆ. ದೊಡ್ಡದಾಗಿ ತೇಗು ಬಂತು, ಹಾಯ್ ಅನ್ನಿಸಿತು ಅನ್ನುತ್ತೀರಿ. ಆ ತೇಗಿಗೆ ದಾರಿ ಬಿಟ್ಟಿದ್ದು ಅದೇ ಸ್ನಾಯು. ಬಿಪಿ ಇರುವವರಿಗೆ ಆ ಪುಡಿಯ ಸೋಡಿಯಂ ಬೇರೆ ತಲೆನೋವು.

ಮೊನ್ನೆ ಒಬ್ಬರು ಬಂದಿದ್ದರು. ಬೆಲ್ಟಿನ ತುದಿಯಲ್ಲಿ ಮೊಳೆ ಹೊಡೆದು ಮಾಡಿದ ಹೊಸ ತೂತು, ಬಕಲ್ ಹೊಟ್ಟೆಯ ಮಡಿಕೆಯೊಳಗೆ ಹೂತುಹೋಗಿ ಕಾಣುತ್ತಲೇ ಇರಲಿಲ್ಲ. ಕೆಳಗೆ ಬಿದ್ದ ಚಿಲ್ಲರೆ ಎತ್ತಲು ಬಗ್ಗಿದರು. ಎದ್ದು ನಿಲ್ಲುವ ಹೊತ್ತಿಗೆ ಕಣ್ಣು ಕಿರಿದು ಮಾಡಿ, ಗಂಟಲು ಸರಿ ಮಾಡಿಕೊಂಡು, ‘ನೋಡಿ ಸಾರ್, ಈಗಲೂ ಬಂತು’ ಅಂದರು. ಒಂದು ಮೂಲೆ ಕತ್ತರಿಸಿದ ನಂದಿನಿ ಹಾಲಿನ ಪ್ಯಾಕೆಟ್ ನೆಟ್ಟಗೆ ನಿಂತಿದ್ದರೆ ಹನಿಯೂ ಚೆಲ್ಲುವುದಿಲ್ಲ, ಮಧ್ಯೆ ಹಿಡಿದು ಅಮುಕಿದರೆ ಏನಾಗುತ್ತದೆ ಹೇಳಿ? ಬೆಲ್ಟ್ ಸಡಿಲ ಮಾಡಿಕೊಳ್ಳಿ ಅಂದೆ. ‘ಪ್ಯಾಂಟು ಜಾರುತ್ತೆ’ ಅಂದರು. ಇದಕ್ಕೆ ನನ್ನ ಹತ್ತಿರ ಮಾತ್ರೆ ಇಲ್ಲ.

ಇದು ನನ್ನ ಊಹೆಯಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ, 2014ರಲ್ಲಿ ಪ್ರಕಟವಾಗಿದೆ. ಎದೆಯುರಿಯ ತೊಂದರೆ ಇಲ್ಲದವರ ಸೊಂಟಕ್ಕೆ ಗಾಳಿ ತುಂಬುವ ಪಟ್ಟಿ ಕಟ್ಟಿ 50 ಮಿಲಿಮೀಟರ್‌ವರೆಗೆ ಬಿಗಿದರು. ಅನ್ನನಾಳ ಮತ್ತು ಜಠರ ಕೂಡುವ ಭಾಗ ಮೇಲಕ್ಕೆ ಸರಿದು, ಆ ಬಿಗಿ ಸ್ನಾಯುವಿನೊಳಗೇ ಆಸಿಡ್ ನುಗ್ಗಿತು. ದಪ್ಪ ಸೊಂಟದವರಿಗೆ ಪಟ್ಟಿ ಇಲ್ಲದೆಯೇ ಅದರ ಲಕ್ಷಣ ಕಂಡಿತು. ಹೆಂಗಸರ ಲಂಗದ ಲಾಡಿಗೂ ಇದೇ ಮಾತು. ಸೀರೆಯ ನೆರಿಗೆ ನಿಲ್ಲಲಿ ಅಂತ ಬಿಗಿಯುವ ಲಾಡಿ ಸೊಂಟದಲ್ಲಿ ಗೀರು ಮೂಡಿಸಿದ್ದರೆ, ಒಳಗೆ ಹೊಟ್ಟೆಯ ಮೇಲೂ ಒತ್ತಡ ಬಿದ್ದಿದೆ ಅಂತ ಅರ್ಥ. ಅಮೆರಿಕದ ನರ್ಸ್‌ಗಳ ಮೇಲೆ ಮಾಡಿದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಬಂತು. ತೂಕದ ಸೂಚ್ಯಂಕ, ಅಂದರೆ ಬಿಎಂಐ, 3.5ಕ್ಕಿಂತ ಜಾಸ್ತಿ ಏರಿದವರಲ್ಲಿ ಪದೇ ಪದೇ ಎದೆಯುರಿ ಬರುವ ಸಾಧ್ಯತೆ, ತೂಕ ಬದಲಾಗದವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಮೊದಲು ಸರಿಯಾದ ತೂಕ ಇದ್ದವರಲ್ಲೂ ತೂಕ ಏರಿದ ಮೇಲೆ ತೊಂದರೆ ಹೆಚ್ಚಿತ್ತು.

ಬಸುರಿಯರಿಗೆ ಎದೆಯುರಿ ಬಂದರೆ ಮಗುವಿಗೆ ಕೂದಲು ಬರುತ್ತಿದೆ ಅನ್ನುವ ಅಜ್ಜಿಯರಿದ್ದಾರೆ. ಪ್ರೊಜೆಸ್ಟರಾನ್ ಹಾರ್ಮೋನ್ ಆ ಸ್ನಾಯುವನ್ನು ಸಡಿಲ ಮಾಡುತ್ತದೆ, ಬೆಳೆಯುವ ಗರ್ಭಕೋಶ ಕೆಳಗಿಂದ ಜಠರವನ್ನು ಒತ್ತುತ್ತದೆ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ತಾನಾಗೇ ಹೋಗುತ್ತದೆ.

ನಮ್ಮ ಜಿಲ್ಲೆ ತೆಂಗಿನ ಜಿಲ್ಲೆ. ತಿಪಟೂರು ಕಡೆ ಕಾಯಿ ಸುಲಿಯುವವರನ್ನು ನೋಡಿರುತ್ತೀರಿ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಸೊಂಟ ಬಗ್ಗಿಸಿ, ಮೈಯ ಭಾರವನ್ನೆಲ್ಲ ಕೈ ಮೇಲೆ ಹಾಕಿ, ಉಸಿರು ಬಿಗಿಹಿಡಿದು ಹೊರಳಿಸುತ್ತಾರೆ. ಆ ಪ್ರತಿ ಕುಕ್ಕಿಗೂ ಹೊಟ್ಟೆಯೊಳಗಿನ ಒತ್ತಡ ದಿಢೀರನೆ ಏರುತ್ತದೆ. ಜೋರಾಗಿ ಕೆಮ್ಮಿದರೆ ಅದು 100 ಮಿಲಿಮೀಟರ್ ದಾಟುವುದೂ ಉಂಟು. ಭಾರ ಎತ್ತುವಾಗ, ಮಲಬದ್ಧತೆಯಲ್ಲಿ ಮುಕ್ಕರಿಯುವಾಗಲೂ ಹೀಗೇ. ವಪೆ ಆರೋಗ್ಯವಾಗಿದ್ದರೆ ಅದೇ ಗಳಿಗೆ ಬಿಗಿಯಾಗಿ ತಡೆಯುತ್ತದೆ. ಇಲ್ಲದವರಿಗೆ ಗಂಟಲಿಗೇ ಬರುತ್ತದೆ. ಅವರಿಗೆ ಖಾರ ಬಿಡಿ ಅಂತ ಬುದ್ಧಿ ಹೇಳಿ ಏನು ಪ್ರಯೋಜನ? ಮಧ್ಯಾಹ್ನ ಉಂಡ ಮೇಲೆ ಒಂದು ಗಂಟೆ ಸುಲಿಯುವ ಕೆಲಸ ಬೇಡ, ಆ ಹೊತ್ತಿನಲ್ಲಿ ಕಾಯಿ ಎಣಿಸುವುದೋ ವಿಂಗಡಿಸುವುದೋ ಮಾಡಲಿ ಅಂತ ಮಂಡಿಯವರು ಒಂದು ಮಾತು ಹೇಳಿದರೆ ಅದು ಮಾತ್ರೆಗಿಂತ ಮೇಲು. ಬೆಳಿಗ್ಗೆ ತಿಂಡಿ ತಿಂದು ಬಂದು ಪಾರ್ಕಿನಲ್ಲಿ ಕಪಾಲಭಾತಿ ಮಾಡುವ ಮಹನೀಯರಿಗೂ ಇದೇ ಅನ್ವಯ.

ರಾತ್ರಿಯ ಕತೆ ಬೇರೆ. ಇಲ್ಲಿಂದ ಬೆಂಗಳೂರಿಗೆ ದಿನಾ ಓಡಾಡುವವರು ಎಷ್ಟು ಜನ ಇದ್ದಾರೆ ಅಂತ ಸಂಜೆ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. 70 ಕಿಲೋಮೀಟರ್ ನಿಂತೋ ಕೂತೋ ಬಂದು, ಮನೆ ಸೇರಿ, ಕೈಕಾಲು ತೊಳೆದು ತಟ್ಟೆ ಮುಂದೆ ಕೂರುವ ಹೊತ್ತಿಗೆ ಹತ್ತು ಗಂಟೆ, ಬೆಳಿಗ್ಗೆ ಮತ್ತೆ ಐದಕ್ಕೆ ಏಳಬೇಕಲ್ಲ ಅಂತ ಹತ್ತೂವರೆಗೆ ದಿಂಬಿಗೆ ತಲೆ. ನಿಂತಿರುವಾಗ ಏರಿದ್ದನ್ನು ಭೂಮಿಯ ಸೆಳೆತ ಕೆಳಗಿಳಿಸುತ್ತಿತ್ತು. ಚಪ್ಪಟೆ ಮಲಗಿದಾಗ ಆ ಸಹಾಯ ಹೋಯಿತು. ನಿದ್ದೆಯಲ್ಲಿ ನಾವು ನುಂಗುವುದೂ ಕಡಿಮೆ, ಎಂಜಲು ಊರುವುದೂ ಕಡಿಮೆ. ಎಂಜಲಿನಲ್ಲಿರುವ ಕ್ಷಾರವೇ ನಾಳಕ್ಕೆ ಅಂಟಿದ ಆಸಿಡ್ಡನ್ನು ತೊಳೆಯುವುದು. ಹಗಲು ಬೇಗ ಹೋಗುತ್ತಿದ್ದದ್ದು ರಾತ್ರಿ ಅಲ್ಲೇ ಕೂರುತ್ತದೆ, ಬೆಳಿಗ್ಗೆ ಗಂಟಲು ಕೆರೆತ, ಒಣ ಕೆಮ್ಮು, ಬಾಯಿ ಹುಳಿ. ಊಟವಾದ ಮೇಲೆ ಇನ್ನೊಂದು ವಿಚಿತ್ರವೂ ಇದೆ. ತಿಂದ ಆಹಾರ ಜಠರದ ಆಸಿಡ್ಡನ್ನು ಸ್ವಲ್ಪ ಮಟ್ಟಿಗೆ ತಣಿಸುತ್ತದೆ, ಆದರೆ ಹೊಸದಾಗಿ ಬಂದ ಆಸಿಡ್ ಊಟದ ಮೇಲ್ಪದರದಲ್ಲಿ, ಸರಿಯಾಗಿ ನಾಳದ ಮೂತಿಯ ಕೆಳಗೆ, ಬೆರೆಯದೆ ನಿಂತಿರುತ್ತದೆ. ಇದೂ ಗ್ಲಾಸ್ಗೊದವರೇ 2001ರಲ್ಲಿ ತೋರಿಸಿದ್ದು. ಉಂಡ ಕೂಡಲೇ ಮಲಗಬೇಡಿ ಅಂತ ಹಿರಿಯರು ಹೇಳುವುದಕ್ಕೆ ಇದಕ್ಕಿಂತ ಕಾರಣ ಬೇಕಾ? ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ ಇರಲಿ ಅಂತಾರೆ ಡಾಕ್ಟರುಗಳು. ಹತ್ತಕ್ಕೆ ಮನೆ ಸೇರುವವನಿಗೆ ಅದು ಆಗದ ಮಾತು ಅಂತ ನನಗೂ ಗೊತ್ತು. ಅಂಥವರು ಆರೂವರೆ ಏಳಕ್ಕೆ ಹೊಟ್ಟೆ ತುಂಬ ತಿಂದು ರೈಲು ಹತ್ತಿ, ಮನೆಗೆ ಬಂದು ಒಂದು ಲೋಟ ಗಂಜಿಯೋ ಮಜ್ಜಿಗೆಯೋ ಕುಡಿದು ಮಲಗಲಿ. ಮನೆಯವರು ಬೇಸರ ಮಾಡಿಕೊಂಡಾರು, ಅದನ್ನು ನೀವೇ ನೋಡಿಕೊಳ್ಳಿ.

ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚು ಎತ್ತರದ ಮರದ ತುಂಡು ಇಡುವುದು ಒಳ್ಳೆಯ ಉಪಾಯ. ಇಟ್ಟಿಗೆಯಾದರೂ ಆದೀತು, ಟೈಲ್ಸ್ ನೆಲದಲ್ಲಿ ಜಾರದ ಹಾಗೆ ಕೆಳಗೆ ಗೋಣಿಚೀಲ ಹಾಕಿ. ಮೂರು ದಿಂಬು ಇಟ್ಟುಕೊಂಡೆ ಅನ್ನುತ್ತಾರೆ ಹಲವರು. ಅದು ಬೇಡ. ದಿಂಬಿನಿಂದ ಕುತ್ತಿಗೆ, ಸೊಂಟ ಮಡಚಿಕೊಂಡು ಹೊಟ್ಟೆಯ ಮೇಲೆ ಒತ್ತಡ ಜಾಸ್ತಿಯಾಗುತ್ತದೆ, ಎತ್ತರವೂ ಸಿಗುವುದಿಲ್ಲ. ಇಡೀ ಮೈ ಇಳಿಜಾರಾಗಬೇಕು. ಚಾಪೆ ಮೇಲೆ ಮಲಗುವವರು ಕಡೇ ಪಕ್ಷ ಎಡಮಗ್ಗುಲಿಗೆ ಮಲಗಲಿ. ಎಡಕ್ಕೆ ತಿರುಗಿದಾಗ ಜಠರದ ದೊಡ್ಡ ಭಾಗ ಕೆಳಗೆ ಹೋಗಿ ನಾಳದ ಮೂತಿ ಆಸಿಡ್ಡಿಗಿಂತ ಮೇಲೆ ಉಳಿಯುತ್ತದೆ. ಬಲಕ್ಕೆ ತಿರುಗಿದರೆ ಮೂತಿಯೇ ಅದರಲ್ಲಿ ಮುಳುಗುತ್ತದೆ.

ಮಾತ್ರೆಯ ವ್ಯಾಪಾರ ಮಾಡುವವನೇ ಹೀಗೆ ಬರೆಯುವುದಾ ಅಂತ ನಗಬೇಡಿ. ಪ್ಯಾಂಟಾಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಒಳ್ಳೆಯ ಔಷಧಗಳೇ. ನಾಳದಲ್ಲಿ ಹುಣ್ಣಾದವರಿಗೆ ಅವು ಬೇಕೇ ಬೇಕು. ಆದರೆ ಅವು ಮಾಡುವುದು ಆಸಿಡ್ ಹುಟ್ಟುವುದನ್ನು ಕಡಿಮೆ ಮಾಡುವ ಕೆಲಸ. ಮೇಲಕ್ಕೆ ಏರುವುದನ್ನು ನಿಲ್ಲಿಸುವುದಿಲ್ಲ. ಉರಿ ಹೋಯಿತು, ಆದರೂ ಬಾಯಿಗೆ ನೀರು ಬರುತ್ತದೆ ಅನ್ನುವವರಿಗೆ ಕಾರಣ ಇದು. ಏರುವುದು ಏರುತ್ತಲೇ ಇದೆ, ಹುಳಿ ಮಾತ್ರ ಕಡಿಮೆ. ಈ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಊಟವಾಗಿ ಉರಿ ಹತ್ತಿದ ಮೇಲೆ ನುಂಗಿ ‘ಕೆಲಸವೇ ಮಾಡಲಿಲ್ಲ’ ಅನ್ನುವವರು ದಿನಾ ಬರುತ್ತಾರೆ. ಹೃದಯಕ್ಕೆ ಆಸ್ಪಿರಿನ್, ಮಂಡಿಗೆ ನೋವಿನ ಮಾತ್ರೆ ತಗೊಳ್ಳುವವರಿಗೆ ಡಾಕ್ಟರ್ ಇದನ್ನು ಜೊತೆಗೆ ಬರೆದಿದ್ದರೆ ಹೊಟ್ಟೆ ಕಾಯಲೆಂದು ಬರೆದಿರುತ್ತಾರೆ. ನನ್ನ ಪತ್ರ ಓದಿ ಅದನ್ನು ಬಿಡಬೇಡಿ. ಇನ್ನೊಂದು ಕಡೆ, ಅಮ್ಲೊಡಿಪಿನ್ ಜಾತಿಯ ಕೆಲವು ಬಿಪಿ ಮಾತ್ರೆಗಳು, ಎದೆನೋವಿನ ನೈಟ್ರೇಟ್, ಉಬ್ಬಸದ ಥಿಯೋಫಿಲಿನ್ ಆ ಬಿಗಿ ಸ್ನಾಯುವನ್ನು ಸಡಿಲ ಮಾಡಬಹುದು. ಈ ಮಾತ್ರೆ ಶುರುವಾದ ಮೇಲೇ ಎದೆಯುರಿ ಬಂತು ಅನ್ನಿಸಿದರೆ ಬರೆದುಕೊಟ್ಟ ಡಾಕ್ಟರಿಗೇ ಹೇಳಿ, ಬೇರೆ ಮಾತ್ರೆ ಇರುತ್ತದೆ.

ಒತ್ತಡದ ದಾರಿಯಿಂದಲೇ ಚಿಕಿತ್ಸೆಯೂ ಇದೆ. ರುಡಾಲ್ಫ್ ನಿಸೆನ್ ಅನ್ನುವ ಸರ್ಜನ್ 1950ರ ದಶಕದಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಸುತ್ತಿ ಹೊಲಿಯುವ ಆಪರೇಷನ್ ಶುರು ಮಾಡಿದರು, ಇವತ್ತಿಗೂ ಅದು ನಡೆಯುತ್ತಿದೆ. ಅಷ್ಟು ದೂರ ಹೋಗದವರಿಗೆ ಹೊಟ್ಟೆಯುಸಿರಿನ ಅಭ್ಯಾಸ ಇದೆ. ಎದೆ ಏರಿಸದೆ, ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು ತಗೊಂಡು ವಪೆಯನ್ನು ಪಳಗಿಸುವುದು. ಆಸ್ಟ್ರಿಯಾದಲ್ಲಿ ಮಾಡಿದ ಒಂದು ಸಣ್ಣ ಅಧ್ಯಯನದಲ್ಲಿ, 2012ರಲ್ಲಿ, ಇದನ್ನು ಅಭ್ಯಾಸ ಮಾಡಿದವರ ನಾಳಕ್ಕೆ ಆಸಿಡ್ ತಾಗುವುದು ಕಡಿಮೆಯಾಯಿತು. ಸಣ್ಣ ಅಧ್ಯಯನ, ಇದೇ ದಿವ್ಯೌಷಧ ಅಂತ ತಲೆಬರಹ ಹಾಕಬೇಡಿ ಸಂಪಾದಕರೇ. ಆದರೆ ಖರ್ಚಿಲ್ಲ, ಹಾನಿಯೂ ಇಲ್ಲ.

ಕೊನೆಗೆ ಒಂದು ವಿಷಯ ನೀವು ದಪ್ಪ ಅಕ್ಷರದಲ್ಲಿ ಹಾಕಲೇಬೇಕು. ಎದೆ ಹಿಂಡಿದ ಹಾಗಾಗಿ ಬೆವರು, ಉಸಿರು ಸಾಲದಿರುವುದು, ನೋವು ಎಡಗೈಗೋ ದವಡೆಗೋ ಹರಡುವುದು, ನಡೆದರೆ ಜಾಸ್ತಿ ನಿಂತರೆ ಕಡಿಮೆ, ಇದರಲ್ಲಿ ಯಾವುದೊಂದು ಇದ್ದರೂ ಮೆಡಿಕಲ್ ಸ್ಟೋರಿಗೆ ಬರಬೇಡಿ. ನೆಟ್ಟಗೆ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ ನೋಡಿಸುತ್ತಾರೆ. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ನೋವು ಬರೀ ಗ್ಯಾಸ್ ಥರಾನೇ ಕಾಣಬಹುದು. ಹಾಗೇ ಅನ್ನ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಕಪ್ಪು ಮಲ, ರಕ್ತಹೀನತೆ. ಇವು ಇರುವವರ ವಿಷಯದಲ್ಲಿ ಬೆಲ್ಟು, ಇಟ್ಟಿಗೆ, ಎಡಮಗ್ಗುಲು ಯಾವುದೂ ನಡೆಯುವುದಿಲ್ಲ. ಎಂಡೋಸ್ಕೋಪಿ ಆಗಲೇಬೇಕು, ತಡ ಮಾಡದೆ.

ಇತಿ,
ಮೆಡಿಕಲ್ ಸ್ಟೋರಿನ ಒಬ್ಬ ಓದುಗ,
ತುಮಕೂರು